ಬಿಬಿಸಿ ಮೈಕ್ರೋ ಪವರ್ ಸಪ್ಲೈ ರಿಪೇರಿ: ಸ್ವಿಚ್ ಒತ್ತುವ ಮುಂಚೆ ಮಾಡಬೇಕಾದ ಕೆಲಸ

ಮೂರು ವರ್ಷದ ಹಿಂದೆ ತುಮಕೂರಿನ ನಮ್ಮ ಮನೆಗೆ ಒಂದು ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂತು. ಶಾಲೆಯೊಂದರ ಉಗ್ರಾಣ ಖಾಲಿ ಮಾಡುವಾಗ ಗುಜರಿಗೆ ಹೋಗಬೇಕಿದ್ದ ಪೆಟ್ಟಿಗೆ ಅದು. ಹುಡುಗನಾಗಿದ್ದಾಗ ಕಿಟಕಿಯ ಸರಳು ಹಿಡಿದುಕೊಂಡು ದೂರದಿಂದ ನೋಡಿದ್ದ ಯಂತ್ರ ಈಗ ನನ್ನ ಮೇಜಿನ ಮೇಲೆ ಕೂತಿದೆ ಎಂಬ ಸಂಭ್ರಮಕ್ಕೆ ಬೇರೇನೂ ಹೊಳೆಯಲಿಲ್ಲ. ಧೂಳು ಕೊಡವಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಟಿವಿಗೆ ಸಿಕ್ಕಿಸಿ, ಸೀದಾ ಪ್ಲಗ್ ಹಾಕಿ ಸ್ವಿಚ್ ಒತ್ತಿದೆ. ಮೊದಲು ಒಂದು ಗೊಗ್ಗರು ದನಿ, ಆಮೇಲೆ ಚುರುಕಾದ ಬೀಪ್. ಪರದೆಯ ಮೇಲೆ ಅಕ್ಷರ ಮೂಡಿದವು. ಹತ್ತು ನಿಮಿಷ ಆಗಿರಲಿಲ್ಲ, ಒಳಗೆ ‘ಪಟ್’ ಎಂದಿತು. ಹಿಂಬದಿಯ ಸಂದಿಯಿಂದ ದಟ್ಟ ಹೊಗೆ. ಪ್ಲಗ್ ಕಿತ್ತು, ಕಿಟಕಿ ಬಾಗಿಲು ತೆಗೆದು, ಮಗಳನ್ನು ಕರೆದುಕೊಂಡು ಹೊರಗೆ ಓಡಿದೆವು. ಗಂಟಲು ಹಿಡಿಯುವ ಆ ವಾಸನೆ ಎರಡು ದಿನ ಪರದೆ ಬಟ್ಟೆಗಳಲ್ಲಿ ಉಳಿದಿತ್ತು.

ಆ ಹೊಗೆ ಬಂದದ್ದು ಪವರ್ ಸಪ್ಲೈಯಿಂದ, ಅಂದರೆ ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸುವ ಭಾಗದಿಂದ. ಆಮೇಲೆ ಇಂಥ ಐದು ಪವರ್ ಸಪ್ಲೈಗಳನ್ನು ಬಿಚ್ಚಿ ಸರಿಮಾಡಿದ್ದೇನೆ. ಒಂದರಲ್ಲೂ ಹೊಗೆ ಬರಲಿಲ್ಲ. ಕಾರಣ ಇಷ್ಟೇ: ಒಂದಕ್ಕೂ ಬಿಚ್ಚಿ ನೋಡದೆ ಕರೆಂಟ್ ಕೊಡಲಿಲ್ಲ. ‘ಓಡುತ್ತಾ ಇದೆಯಾ ಅಂತ ಒಂದ್ಸಲ ಹಾಕಿ ನೋಡೋಣ’ ಎನ್ನುವುದೇ ಹಳೇ ಯಂತ್ರಕ್ಕೆ ನಾವು ಮಾಡುವ ದೊಡ್ಡ ಅನ್ಯಾಯ. ನಿಮ್ಮ ಮನೆಯ ಅಟ್ಟದಲ್ಲೋ, ಪರಿಚಯದ ಶಾಲೆಯ ಬೀರುವಿನಲ್ಲೋ ಇಂಥದ್ದೊಂದು ಸಿಕ್ಕಿದರೆ ಪ್ಲಗ್ ಹಾಕುವ ಮುಂಚೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಕಡೆ ಈ ಯಂತ್ರ ಸಿಗುವುದಕ್ಕೆ ಒಂದು ಹಿನ್ನೆಲೆಯಿದೆ. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ತಂದ ಕಂಪ್ಯೂಟರ್ ಇದು. 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್, ಬಿ ಮಾದರಿಯಲ್ಲಿ 32 ಕಿಲೋಬೈಟ್ ಮೆಮೊರಿ. ಭಾರತ ಸರ್ಕಾರ 1984-85ರಲ್ಲಿ ‘ಕ್ಲಾಸ್’ ಎಂಬ ಯೋಜನೆಯಡಿ ಶಾಲೆಗಳಿಗೆ ಕಂಪ್ಯೂಟರ್ ಕೊಡಲು ಹೊರಟಾಗ ಆರಿಸಿಕೊಂಡದ್ದು ಇದನ್ನೇ. ಮೊದಲ ಸುತ್ತಿನಲ್ಲಿ 250 ಶಾಲೆಗಳು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ‘ಯೂನಿಕಾರ್ನ್’ ಹೆಸರಿನಲ್ಲಿ ಇದನ್ನು ಇಲ್ಲೇ ತಯಾರಿಸಿತ್ತು. ಹಾಗಾಗಿ ಉಳಿದ ಹಳೇ ಹೋಮ್ ಕಂಪ್ಯೂಟರುಗಳಿಗಿಂತ ಇದು ನಮ್ಮ ಕೈಗೆ ಸಿಗುವ ಸಾಧ್ಯತೆ ಹೆಚ್ಚು.

ಹೊಗೆ ಯಾಕೆ ಬರುತ್ತದೆ

ಕಂಪ್ಯೂಟರಿನ ಎಡಗಡೆ ಒಳಗೆ ಒಂದು ತಗಡಿನ ಡಬ್ಬಿ ಇರುತ್ತದೆ. ಅದೇ ಪವರ್ ಸಪ್ಲೈ. ತೀರಾ ಮೊದಲಿನ ಕೆಲವು ಯಂತ್ರಗಳಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರಿನ ಕಪ್ಪು ಡಬ್ಬಿ ಇತ್ತು, ವಿಪರೀತ ಬಿಸಿಯಾಗುತ್ತಿತ್ತು. ನಿಮಗೆ ಸಿಗುವುದು ಬಹುಮಟ್ಟಿಗೆ ಆಮೇಲಿನ, ಕರೆಂಟನ್ನು ಬಹಳ ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುವ ಎಸ್‌ಎಂಪಿಎಸ್. ಮೇನ್ಸ್ ಕರೆಂಟ್ ಒಳಗೆ ಬಂದ ಕೂಡಲೇ, ಫೇಸ್ ಮತ್ತು ನ್ಯೂಟ್ರಲ್ ನಡುವೆ ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗಗಳಾದ ಎರಡು ಫಿಲ್ಟರ್ ಕೆಪಾಸಿಟರ್‌ಗಳಿವೆ. ಒಂದು 0.1 ಮೈಕ್ರೋಫ್ಯಾರಡ್, ಇನ್ನೊಂದು 0.01. ಎಸ್‌ಎಂಪಿಎಸ್ ಹುಟ್ಟಿಸುವ ವಿದ್ಯುತ್ ಗದ್ದಲ ಮನೆಯ ವೈರಿಂಗಿಗೆ ಹೋಗದಂತೆ ತಡೆಯುವುದು ಅವುಗಳ ಕೆಲಸ.

ಆ ಕಾಲದಲ್ಲಿ ಇವನ್ನು ಲೋಹ ಲೇಪಿಸಿದ ಕಾಗದದಿಂದ ಮಾಡಿ ಎಪಾಕ್ಸಿಯಲ್ಲಿ ಮುಳುಗಿಸುತ್ತಿದ್ದರು. ಒಂದನ್ನು ಕಳಚಿ ಬೆಳಕಿಗೆ ಹಿಡಿದು ನೋಡಿ. ಜೋನಿಬೆಲ್ಲದ ಬಣ್ಣದ, ಪಾರದರ್ಶಕ ಚೌಕ ತುಂಡು. ಒಳಗೆ ಸುರುಳಿ ಸುತ್ತಿದ ಬೂದುಬಣ್ಣದ ಕಾಗದ ಕಾಣುತ್ತದೆ. ಮೇಲ್ಮೈ ತುಂಬ ಕೂದಲೆಳೆಯ ಬಿರುಕು. ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯಂಗಳ ಬಿರಿಯುವುದಿಲ್ಲವೇ, ಅದನ್ನೇ ಉಗುರಿನಗಲಕ್ಕೆ ಇಳಿಸಿದ ಹಾಗೆ. ನಲವತ್ತು ವರ್ಷದ ಬಿಸಿಲು ಮಳೆಯಲ್ಲಿ ಆ ಬಿರುಕುಗಳ ಮೂಲಕ ತೇವ ಒಳಗಿನ ಕಾಗದಕ್ಕೆ ಇಳಿದಿರುತ್ತದೆ. ಅದಕ್ಕೆ 230 ವೋಲ್ಟ್ ಕೊಟ್ಟರೆ ಒಳಗೊಳಗೇ ಕರೆಂಟ್ ಸೋರಿ, ಕಾದು, ಸಿಡಿಯುತ್ತದೆ. ಕೆಲವೊಮ್ಮೆ ಸ್ವಿಚ್ ಒತ್ತಿದ ಕೂಡಲೇ, ಕೆಲವೊಮ್ಮೆ ಅರ್ಧ ಗಂಟೆ ಬಿಟ್ಟು. ತಯಾರಿಸಿದವರ ತಪ್ಪು ಅನ್ನಲಾರೆ. ನಲವತ್ತು ವರ್ಷ ಬಾಳಲಿ ಎಂದು ಯಾರೂ ಅದನ್ನು ಮಾಡಿರಲಿಲ್ಲ.

ಒಂದು ಸಮಾಧಾನದ ಮಾತು: ಇದು ಸಿಡಿದರೆ ಕಂಪ್ಯೂಟರ್ ಸತ್ತಿತು ಅಂತಲ್ಲ. ಇದು ಬರೀ ಫಿಲ್ಟರ್. ಎಷ್ಟೋ ಸಲ ಹೊಗೆ ಬಂದ ಮೇಲೂ ಸಪ್ಲೈ ಓಡುತ್ತಲೇ ಇರುತ್ತದೆ. ನನ್ನದೂ ಹಾಗೇ ಆಗಿತ್ತು.

ಬೇಕಾದ ಸಾಮಾನು

ಒಳ್ಳೇ ಮಲ್ಟಿಮೀಟರ್, 25 ಅಥವಾ 40 ವ್ಯಾಟಿನ ಸೋಲ್ಡರಿಂಗ್ ಐರನ್, ಬೆಸುಗೆ ಹೀರುವ ಪಂಪ್, ಸೋಲ್ಡರ್ ವೈರ್, ಫ್ಲಕ್ಸ್, ಸ್ಟಾರ್ ಸ್ಕ್ರೂಡ್ರೈವರ್. ಕೆಪಾಸಿಟರಿನಲ್ಲಿ ಉಳಿದ ಕರೆಂಟನ್ನು ಇಳಿಸಲು, ಅಂದರೆ ಡಿಸ್ಚಾರ್ಜ್ ಮಾಡಲು, 10 ಕಿಲೋಓಮ್, 5 ವ್ಯಾಟಿನ ಒಂದು ರೆಸಿಸ್ಟರ್. ಪರೀಕ್ಷೆಯಲ್ಲಿ ಕಂಪ್ಯೂಟರಿನ ಬದಲು ಕರೆಂಟ್ ಎಳೆಯಲು, ಅಂದರೆ ಲೋಡ್ ಕೊಡಲು, 4.7 ಓಮ್, 10 ವ್ಯಾಟಿನ ಎರಡು ಬಿಳಿ ಸಿಮೆಂಟ್ ರೆಸಿಸ್ಟರ್. ಇನ್ನೊಂದು ಸೀರೀಸ್ ಬೋರ್ಡ್, ಅಂದರೆ ಕರೆಂಟ್ ಒಂದು ಬಲ್ಬಿನ ಮೂಲಕ ಹಾದು ಸಾಕೆಟ್ಟಿಗೆ ಹೋಗುವ ಬೋರ್ಡ್, ಅದಕ್ಕೆ 60 ವ್ಯಾಟಿನ ಬಲ್ಬ್. ಎಲ್‌ಇಡಿ ಬಲ್ಬ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ತಂತಿ ಕಾದು ಉರಿಯುವ ಹಳೇ ಬಲ್ಬೇ ಆಗಬೇಕು. ಈಗ ಅದು ಸುಲಭವಾಗಿ ಸಿಗದು, ಹಳೇ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿ ನೋಡಿ.

ಕೆಪಾಸಿಟರ್ ಕೊಳ್ಳುವಾಗ ಒಂದೇ ಅಕ್ಷರ ನೋಡಿ: ‘ಎಕ್ಸ್2’. ಜೊತೆಗೆ ‘275 ವೋಲ್ಟ್ ಎಸಿ’ ಎಂದು ಬರೆದಿರಬೇಕು. 0.1 ಮೈಕ್ರೋಫ್ಯಾರಡಿಗೆ ಮೈಮೇಲೆ 104 ಅಂತಿರುತ್ತದೆ, 0.01ಕ್ಕೆ 103. ಸಾಮಾನ್ಯವಾಗಿ ಹಳದಿ ಬಣ್ಣದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಕಾಗದದ ಬದಲು ಪಾಲಿಪ್ರೊಪಿಲೀನ್. ನಾನು ಕೊಂಡದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್, ಬೆಳಗಿನ ರೈಲು ಹಿಡಿದರೆ ಮಧ್ಯಾಹ್ನದ ಊಟಕ್ಕೆ ವಾಪಸ್ಸು. ಹೋಗುವ ಮುಂಚೆ ಹಳೇ ಕೆಪಾಸಿಟರಿನ ಎರಡು ಕಾಲುಗಳ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ. ಮೈಕ್ರೋಫ್ಯಾರಡ್ ಸರಿಯಿದ್ದು ಕಾಲು ಕೂರದಿದ್ದರೆ ಮತ್ತೆ ಓಡಾಟ.

‘ಎಕ್ಸ್2 ಇಲ್ಲ, 400 ವೋಲ್ಟಿನ ಡಿಸಿ ಕೆಪಾಸಿಟರ್ ಇದೆ, ಅದೂ ಒಂದೇ’ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಎಕ್ಸ್ ದರ್ಜೆಯದು ಮೇನ್ಸಿಗೆ ನೇರ ಅಡ್ಡ ಹಾಕಲೆಂದೇ ಮಾಡಿದ್ದು, ಮಿಂಚಿನಂಥ ಏರಿಳಿತ ಬಂದರೆ ತಡೆದುಕೊಂಡು ತನ್ನನ್ನೇ ಸರಿಮಾಡಿಕೊಳ್ಳುತ್ತದೆ. ಮಾಮೂಲಿಯದು ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಫೇಸಿನಿಂದ ಅರ್ತಿಗೆ ಹೋಗುವ ನೀಲಿ ಬಿಲ್ಲೆಯಂಥವು ‘ವೈ’ ದರ್ಜೆಯವು, ಅವುಗಳ ಜಾಗಕ್ಕೆ ‘ವೈ’ ಅಲ್ಲದೆ ಬೇರೆ ಯಾವುದೂ ಹೋಗಬಾರದು. ಅದು ಶಾರ್ಟ್ ಆದರೆ ಕರೆಂಟ್ ಹೊಡೆಯುವುದು ನಿಮಗೆ.

ಬಿಚ್ಚುವುದು

ಗೋಡೆಯಿಂದ ಪ್ಲಗ್ ತೆಗೆದು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕಂಪ್ಯೂಟರಿನ ಮುಚ್ಚಳಕ್ಕೆ ನಾಲ್ಕು ಸ್ಕ್ರೂ, ಹಿಂದೆ ಎರಡು, ಅಡಿಯಲ್ಲಿ ಎರಡು. ಪಕ್ಕದಲ್ಲೇ ‘ಫಿಕ್ಸ್’ ಎಂದು ಅಚ್ಚಾಗಿರುತ್ತದೆ. ಮುಚ್ಚಳ ತೆಗೆದ ಮೇಲೆ ಫೋಟೋ ತೆಗೆಯಿರಿ. ಒಂದಲ್ಲ, ನಾಲ್ಕು ಕಡೆಯಿಂದ.

ಡಬ್ಬಿಯಿಂದ ಬೋರ್ಡಿಗೆ ಏಳು ತಂತಿ: ಮೂರು ಕೆಂಪು ಅಂದರೆ +5 ವೋಲ್ಟ್, ಮೂರು ಕಪ್ಪು ಅಂದರೆ 0 ವೋಲ್ಟ್, ಒಂದು ನೇರಳೆ, ಅದು -5 ವೋಲ್ಟ್. ಎಲ್ಲವೂ ಒತ್ತಿ ಸಿಕ್ಕಿಸುವ ಚಪ್ಪಟೆ ಕನೆಕ್ಟರ್. ಮೂರು ಬಣ್ಣಕ್ಕೂ ಒಂದೇ ಥರದ ತುದಿ, ಕೆಂಪಿನ ಜಾಗಕ್ಕೆ ಕಪ್ಪು ಸಲೀಸಾಗಿ ಕೂರುತ್ತದೆ. ಹಾಗೆ ಒಮ್ಮೆ ಸಿಕ್ಕಿಸಿ ಸ್ವಿಚ್ ಒತ್ತಿದರೆ ಬೋರ್ಡಿನ ಐಸಿ ಚಿಪ್ಪುಗಳೆಲ್ಲ ಹೋದ ಹಾಗೆ. ಪ್ರತಿ ತಂತಿಗೂ ಚೀಟಿ ಕಟ್ಟಿ. ಎಳೆಯುವಾಗ ತಂತಿ ಹಿಡಿದು ಎಳೆಯಬೇಡಿ, ಕನೆಕ್ಟರನ್ನು ಹಿಡಿದು ಅಲುಗಿಸುತ್ತ ಬಿಡಿಸಿ. ಡಬ್ಬಿ ಅಡಿಯಿಂದ ಮೂರು ಸ್ಕ್ರೂನಲ್ಲಿ ನಿಂತಿರುತ್ತದೆ.

ಡಬ್ಬಿ ತೆರೆದ ತಕ್ಷಣ ಕೈ ಹಾಕಬೇಡಿ. 230 ವೋಲ್ಟ್ ಎಸಿ ರೆಕ್ಟಿಫೈ ಆಗಿ, ಅಂದರೆ ಒಂದೇ ದಿಕ್ಕಿನದಾಗಿ ಬದಲಾದ ಮೇಲೆ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂತಿರುತ್ತದೆ. ಸಪ್ಲೈ ಕೆಟ್ಟಿದ್ದರೆ ಅದು ಇಳಿಯುವುದಕ್ಕೆ ದಾರಿಯೇ ಇರುವುದಿಲ್ಲ. 10 ಕಿಲೋಓಮ್ ರೆಸಿಸ್ಟರಿನ ಎರಡು ತುದಿಗೂ ಇನ್ಸುಲೇಶನ್ ಇರುವ ತಂತಿ ಬೆಸೆದು, ಆ ಕೆಪಾಸಿಟರಿನ ಎರಡು ಕಾಲಿಗೆ ಅರ್ಧ ನಿಮಿಷ ಹಿಡಿಯಿರಿ. ಆಮೇಲೆ ಮೀಟರಿನಲ್ಲಿ ನೋಡಿ. ಐದು ವೋಲ್ಟಿಗಿಂತ ಕೆಳಗೆ ಬಂದ ಮೇಲೆ ಮುಟ್ಟಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ‘ಚಟ್’ ಅನ್ನಿಸುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗಿದೆ. ಅದರಿಂದ ಕೆಪಾಸಿಟರಿಗೂ ಪೆಟ್ಟು, ಕಣ್ಣಿಗೂ ಅಪಾಯ. ಇದುವರೆಗೆ ಬೆಸುಗೆಯನ್ನೇ ಹಾಕಿಲ್ಲದವರು ಮೊದಲು ಹಾಳಾದ ಮೊಬೈಲ್ ಚಾರ್ಜರಿನ ಬೋರ್ಡಿನ ಮೇಲೆ ಕೈ ಪಳಗಿಸಿ, ಮೊದಲ ಸಲ ಟಿವಿ ರಿಪೇರಿ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸ ಮಾಡಿ.

ಮೂಸಿ, ನೋಡಿ, ಅಳೆಯಿರಿ

ನನಗೆ ಈ ಕೆಲಸ ಕಲಿಸಿದವರು ನಮ್ಮ ಬಡಾವಣೆಯಲ್ಲಿ ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದ ಹಿರಿಯರು. ಮೊದಲ ಡಬ್ಬಿ ತೆಗೆದುಕೊಂಡು ಹೋದಾಗ ಮೀಟರಿಗೆ ಕೈ ಹಾಕಿದೆ. ಅವರು ತಡೆದರು. “ಮೇಷ್ಟ್ರೇ, ಮೀಟರ್ ಆಮೇಲೆ. ಮೊದಲು ಮೂಸಿ ನೋಡಿ” ಎಂದರು. ಮೂಸಿದೆ. ಒಂದು ಮೂಲೆಯಲ್ಲಿ ಸುಟ್ಟ ವಾಸನೆ, ಇನ್ನೊಂದು ಮೂಲೆಯಲ್ಲಿ ಮೀನಿನಂಥ ಕಮಟು. “ಆ ಕಮಟು ಕಂಡೆನ್ಸರಿನ ನೀರು ಸೋರಿರೋದು. ಅಲ್ಲೂ ಕೆಲಸ ಇದೆ” ಅಂದರು. ಕಂಡೆನ್ಸರ್ ಎಂದರೆ ಕೆಪಾಸಿಟರೇ. ಬಗ್ಗಿ ನೋಡಿದರೆ ಸಣ್ಣ ಎಲೆಕ್ಟ್ರೋಲಿಟಿಕ್, ಅಂದರೆ ಒಳಗೆ ದ್ರವ ಇರುವ ಕೆಪಾಸಿಟರ್, ಒಂದರ ಬುಡದಲ್ಲಿ ಕಂದು ಅಂಟು ಹರಡಿತ್ತು. ಮೀಟರ್ ಹಿಡಿದಿದ್ದರೆ ಅದು ನನಗೆ ಕಾಣುತ್ತಲೇ ಇರಲಿಲ್ಲ.

ಆಮೇಲೆ ಫ್ಯೂಸ್. ಗಾಜಿನ ಒಳಗೆ ತಂತಿ ಸುಮ್ಮನೆ ತುಂಡಾಗಿದ್ದರೆ ವಯಸ್ಸಾಗಿ ಹೋಗಿರಬಹುದು. ಗಾಜು ಕನ್ನಡಿಯ ಹಾಗೆ ಬೆಳ್ಳಿಯಾಗಿದ್ದರೆ ಅಥವಾ ಕಪ್ಪಾಗಿದ್ದರೆ ಮುಂದೆ ಎಲ್ಲೋ ಗಟ್ಟಿ ಶಾರ್ಟ್ ಇದೆ. ಬ್ರಿಡ್ಜ್ ರೆಕ್ಟಿಫೈಯರಿನ ಡಯೋಡುಗಳನ್ನೂ ಹೀಟ್‌ಸಿಂಕಿಗೆ ಕಚ್ಚಿಸಿದ ಸ್ವಿಚಿಂಗ್ ಟ್ರಾನ್ಸಿಸ್ಟರನ್ನೂ ಡಯೋಡ್ ರೇಂಜಿನಲ್ಲಿ ಪರೀಕ್ಷಿಸಿ. ಡಯೋಡ್ ಒಂದು ಕಡೆಗೆ 0.5ರ ಆಸುಪಾಸು ತೋರಿಸಿ ಇನ್ನೊಂದು ಕಡೆಗೆ ಏನೂ ತೋರಿಸಬಾರದು. ಎರಡೂ ಕಡೆ ಸೊನ್ನೆ ಬಂದರೆ ಹೋಗಿದೆ. ಫ್ಯೂಸನ್ನು ಅಷ್ಟೇ ಆಂಪಿಯರಿನದಕ್ಕೇ ಬದಲಿಸಿ. ಫ್ಯೂಸ್ ಜಾಗಕ್ಕೆ ತಂತಿ ಸುತ್ತಿ ಕಳಿಸಿದ ಒಂದು ಸಪ್ಲೈ ನನ್ನ ಕೈಗೆ ಬಂದಿತ್ತು, ಒಳಗೆ ಟ್ರ್ಯಾಕೇ ಎದ್ದು ಸುಟ್ಟಿತ್ತು.

ಬದಲಿಸುವುದು

ಎರಡು ಎಕ್ಸ್ ಕೆಪಾಸಿಟರ್‌ಗಳನ್ನು ಚೆನ್ನಾಗಿ ಕಂಡರೂ ಬದಲಿಸಿ. ಇದರಲ್ಲಿ ರಾಜಿ ಬೇಡ. ಬೋರ್ಡ್ ಒಂದೇ ಬದಿಯ ತಾಮ್ರದ್ದು, ಅಂಟು ಹಳೆಯದು. ಐರನ್ ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲು ಬೆಸೆಯುವ ತಾಮ್ರದ ಬಿಲ್ಲೆ, ಅಂದರೆ ಪ್ಯಾಡ್, ಸಿಪ್ಪೆಯ ಹಾಗೆ ಎದ್ದುಬಿಡುತ್ತದೆ. ನಾನು ಮಾಡುವ ಕ್ರಮ ಇದು: ಹಳೇ ಬೆಸುಗೆಗೆ ಒಂದು ಹನಿ ಹೊಸ ಬೆಸುಗೆ ಸೇರಿಸುತ್ತೇನೆ, ಆಗ ಅದು ಬೇಗ ಕರಗುತ್ತದೆ. ಪಂಪಿನಿಂದ ಒಮ್ಮೆ ಹೀರುತ್ತೇನೆ. ಬರಲಿಲ್ಲವೋ, ಬಿಟ್ಟು ತಣ್ಣಗಾಗಲು ಕಾಯುತ್ತೇನೆ. ಕಾಲು ಸಡಿಲವಾಗಿ ಅಲುಗಾಡಿದ ಮೇಲೆಯೇ ಎಳೆಯುತ್ತೇನೆ. ಎಕ್ಸ್ ಕೆಪಾಸಿಟರಿಗೆ ಪ್ಲಸ್ ಮೈನಸ್ ಇಲ್ಲ, ಹೇಗೆ ಹಾಕಿದರೂ ಸರಿ.

ಎಲೆಕ್ಟ್ರೋಲಿಟಿಕ್‌ಗಳಿಗೆ ಪ್ಲಸ್ ಮೈನಸ್ ಇದೆ. ಒಂದು ತೆಗೆದು ಒಂದು ಹಾಕಿ, ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಗೊಂದಲ. ಮೇನ್ಸ್ ಬದಿಯಲ್ಲಿ 220 ಮೈಕ್ರೋಫ್ಯಾರಡಿನ ಸಣ್ಣದೊಂದಿದೆ. ಸಪ್ಲೈ ಸ್ಟಾರ್ಟ್ ಆಗದೆ ಟಿಕ್ ಟಿಕ್ ಅನ್ನುತ್ತಿದ್ದರೆ ಮೊದಲ ಅನುಮಾನ ಅದರ ಮೇಲೆಯೇ ಇರಲಿ. ಔಟ್‌ಪುಟ್ ಬದಿಯವು ಉಬ್ಬಿದ್ದರೆ ಅಥವಾ ಸೋರಿದ್ದರೆ 105 ಡಿಗ್ರಿಯ, ಎಸ್‌ಎಂಪಿಎಸ್‌ಗೆಂದೇ ಮಾಡಿದ, ಒಳಗಿನ ತಡೆ ಕಡಿಮೆ ಇರುವ, ಅಂದರೆ ಕಡಿಮೆ ಇಎಸ್‌ಆರ್‌ನವನ್ನು ಹಾಕಿ. ದೊಡ್ಡ ಮೇನ್ಸ್ ಕೆಪಾಸಿಟರ್ ಮಾತ್ರ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಅಳೆದು ಸರಿಯಿದ್ದರೆ ಅದನ್ನು ಬಿಟ್ಟುಬಿಡಿ. ಎಲ್ಲವನ್ನೂ ಹೊಸದು ಮಾಡಲೇಬೇಕೆಂಬ ಹಟ ನನಗಿಲ್ಲ, ಕಿತ್ತಷ್ಟೂ ಪ್ಯಾಡಿಗೆ ಪೆಟ್ಟು.

ಕಂಪ್ಯೂಟರ್ ಇಲ್ಲದೆ ಪರೀಕ್ಷೆ

ಇದು ಎಲ್ಲಕ್ಕಿಂತ ಮುಖ್ಯ. ಸತ್ತ ಸಪ್ಲೈಯಿಂದ ಕಂಪ್ಯೂಟರಿಗೆ ಏನೂ ಆಗುವುದಿಲ್ಲ. 5ರ ಬದಲು 7 ವೋಲ್ಟ್ ಕೊಡುವ ಸಪ್ಲೈ ಕ್ಷಣದಲ್ಲಿ ಎಲ್ಲ ಚಿಪ್ ಕೊಲ್ಲುತ್ತದೆ. ಹಾಗಾಗಿ ಕಂಪ್ಯೂಟರಿನ ಹತ್ತಿರವೂ ತರದೆ, ಸಪ್ಲೈಯನ್ನು ಒಂಟಿಯಾಗಿ ಓಡಿಸಬೇಕು. ಎಸ್‌ಎಂಪಿಎಸ್ ಲೋಡ್ ಇಲ್ಲದೆ ಸರಿಯಾಗಿ ನಿಲ್ಲುವುದಿಲ್ಲ, ಅದಕ್ಕೇ ಸಿಮೆಂಟ್ ರೆಸಿಸ್ಟರ್. ಒಂದು 4.7 ಓಮ್ ಹಾಕಿದರೆ ಸುಮಾರು 1 ಆಂಪಿಯರ್ ಎಳೆಯುತ್ತದೆ, ಎರಡನ್ನು ಪಕ್ಕಪಕ್ಕ ಕಟ್ಟಿದರೆ 2. ಒಂದೊಂದೂ ಐದು ವ್ಯಾಟಿನಷ್ಟು ಕಾಯುತ್ತದೆ, ಕೈಗೆ ಬೊಬ್ಬೆ ಏಳುವಷ್ಟು. ಇಟ್ಟಿಗೆಯ ಮೇಲೋ ಟೈಲ್ಸ್ ತುಂಡಿನ ಮೇಲೋ ಇಡಿ.

ಡಬ್ಬಿಯ ಮುಚ್ಚಳ ಹಾಕಿ, ಒಂದು ರೆಸಿಸ್ಟರನ್ನು ಕೆಂಪು-ಕಪ್ಪು ತಂತಿಗೆ ಕಟ್ಟಿ, ಮೀಟರನ್ನೂ ಅಲ್ಲೇ ಸಿಕ್ಕಿಸಿ. ಪ್ಲಗ್ಗನ್ನು ಸೀರೀಸ್ ಬೋರ್ಡಿಗೆ ಹಾಕಿ ಸ್ವಿಚ್ ಒತ್ತಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಒಳ್ಳೇ ಲಕ್ಷಣ. ಪೂರ್ತಿ ಉರಿಯುತ್ತಲೇ ನಿಂತರೆ ಒಳಗೆ ಶಾರ್ಟ್ ಉಳಿದಿದೆ. ಆಫ್ ಮಾಡಿ, ಮತ್ತೆ ಡಿಸ್ಚಾರ್ಜ್ ಮಾಡಿ, ಹುಡುಕಿ. ಬಲ್ಬ್ ಅಡ್ಡ ಇದ್ದದ್ದರಿಂದ ಆಗ ಹೊಸ ಫ್ಯೂಸೂ ಟ್ರಾನ್ಸಿಸ್ಟರೂ ಉಳಿದಿರುತ್ತವೆ.

ಮೀಟರ್ 4.75ರಿಂದ 5.25ರ ನಡುವೆ ತೋರಿಸಬೇಕು. ನಾನು 4.95ಕ್ಕೂ 5.1ಕ್ಕೂ ನಡುವೆ ಬಂದರಷ್ಟೇ ಒಪ್ಪುತ್ತೇನೆ. ನೇರಳೆ ತಂತಿಯಲ್ಲಿ -5, ಡಿಸ್ಕ್ ಡ್ರೈವಿಗೆಂದು ಅಡಿಯಲ್ಲಿರುವ ಸಾಕೆಟ್ಟಿನಲ್ಲಿ +12 ನೋಡಿ. ಎಲ್ಲ ಸರಿಯಿದ್ದರೆ ಬಲ್ಬ್ ತೆಗೆದು, ನೇರ ಮೇನ್ಸಿನಲ್ಲಿ, ಎರಡೂ ರೆಸಿಸ್ಟರ್ ಹಾಕಿ ಅರ್ಧ ಗಂಟೆ ಓಡಿಸಿ. ಎದ್ದು ಹೋಗಬೇಡಿ. ಐದೈದು ನಿಮಿಷಕ್ಕೆ ವೋಲ್ಟೇಜ್ ಬರೆದುಕೊಳ್ಳಿ. ಕಾದ ಹಾಗೆಲ್ಲ ಇಳಿಯುತ್ತಾ ಹೋದರೆ ಯಾವುದೋ ಕೆಪಾಸಿಟರ್ ಅಥವಾ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಇನ್ನೂ ಬಾಕಿ ಇದೆ.

ಪ್ಲಗ್ ಮತ್ತು ಅರ್ತಿಂಗ್

ಇಂಗ್ಲೆಂಡಿನಿಂದ ಬಂದ ಯಂತ್ರವಾದರೆ ಪ್ಲಗ್ ಚೌಕ ಪಿನ್ನಿನದು, ಅದರ ಹೊಟ್ಟೆಯಲ್ಲೇ ಒಂದು ಫ್ಯೂಸ್ ಇರುತ್ತದೆ. ನಮ್ಮ ಪ್ಲಗ್ಗಿನಲ್ಲಿ ಅದಿಲ್ಲ. ಬದಲಿಸುವಾಗ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ನಮ್ಮ ಹಳೇ ವೈರಿಂಗಿನ ಕೆಂಪು, ಕಪ್ಪು, ಹಸಿರಿಗೆ ಹೊಂದಿಸುವಾಗ ಎಚ್ಚರ. ಆ ಪ್ಲಗ್ಗಿನ ಫ್ಯೂಸ್ ಹೋಯಿತಲ್ಲ, ಅದರ ಬದಲು ಫ್ಯೂಸ್ ಇರುವ ಒಂದು ಸ್ಪೈಕ್ ಬೋರ್ಡಿನಿಂದ ಕರೆಂಟ್ ತೆಗೆದುಕೊಳ್ಳಿ.

ನಮ್ಮೂರಿನ ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೂರನೆಯದಕ್ಕೆ ತಂತಿಯೇ ಇಲ್ಲದಿರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಆಗ ‘ವೈ’ ಕೆಪಾಸಿಟರ್‌ಗಳ ಮೂಲಕ ಸೋರುವ ಅಲ್ಪ ಕರೆಂಟಿಗೆ ಹೋಗಲು ದಾರಿಯಿಲ್ಲದೆ, ತಗಡಿನ ಡಬ್ಬಿ ಮತ್ತು ಹಿಂದಿನ ವಿಡಿಯೊ ಸಾಕೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಸಾಕೆಟ್ಟಿನಲ್ಲಿ ಫೇಸ್-ಅರ್ತ್ ನಡುವೆ 230ರ ಹತ್ತಿರ, ನ್ಯೂಟ್ರಲ್-ಅರ್ತ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಬರದಿದ್ದರೆ ಮೊದಲು ಮನೆಯ ಅರ್ತಿಂಗ್ ಸರಿಮಾಡಿಸಿ, ಸಾಧ್ಯವಾದರೆ ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕಂಪ್ಯೂಟರ್ ಅಷ್ಟು ದಿನ ಕಾಯಲಿ.

ಬೇರೆ ಯಂತ್ರ ಇರುವವರಿಗೆ ಎರಡು ಮಾತು. ಸ್ಪೆಕ್ಟ್ರಮ್ ಕಂಪ್ಯೂಟರಿಗೆ 9 ವೋಲ್ಟ್ ಡಿಸಿ ಅಡಾಪ್ಟರ್, ಆದರೆ ಪಿನ್ನಿನ ಮಧ್ಯ ಮೈನಸ್. ಅಂಗಡಿಯಲ್ಲಿ ಸಿಗುವ ಬಹುತೇಕ ಅಡಾಪ್ಟರುಗಳಲ್ಲಿ ಮಧ್ಯ ಪ್ಲಸ್. ಕೊಮೊಡೋರ್ 64ರ ಹಳೇ ಸಪ್ಲೈ ಎಪಾಕ್ಸಿ ತುಂಬಿದ ಇಟ್ಟಿಗೆ, ಬಿಚ್ಚಲು ಬರುವುದಿಲ್ಲ. ಅದರ 5 ವೋಲ್ಟ್ ಮೇಲೇರಿ ಮೆಮೊರಿ ಚಿಪ್ಪುಗಳನ್ನು ಸುಡುತ್ತದೆ. ಅದನ್ನು ರಿಪೇರಿ ಮಾಡುವ ಯೋಚನೆ ಬಿಟ್ಟು ಹೊಸದು ಕಟ್ಟಿಕೊಳ್ಳಿ.

ಮತ್ತೆ ಕೂರಿಸುವುದು

ಬೋರ್ಡಿನ ಚಪ್ಪಟೆ ಪಿನ್ನುಗಳು ಕಪ್ಪುಗಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಈ ಕೊಳೆಯಲ್ಲೇ ಕಾಲು ವೋಲ್ಟ್ ಕಳೆದುಹೋಗಿ, ಚೆನ್ನಾಗಿರುವ ಸಪ್ಲೈಯನ್ನು ಕೆಟ್ಟಿದೆ ಎಂದುಕೊಳ್ಳುವುದುಂಟು. ಫೋಟೋ ನೋಡಿಕೊಂಡು ಕೆಂಪು, ಕಪ್ಪು, ನೇರಳೆ ಸಿಕ್ಕಿಸಿ. ಆಮೇಲೆ ಫೋಟೋ ನೋಡದೆ, ಬೋರ್ಡಿನ ಮೇಲೆ ಅಚ್ಚಾದ ಗುರುತು ಮಾತ್ರ ಓದಿಕೊಂಡು ಇನ್ನೊಮ್ಮೆ ಪರೀಕ್ಷಿಸಿ. ನಾನು ಈ ಎರಡನೇ ಸಲ ಮಗಳ ಕೈಯಲ್ಲಿ ಓದಿಸುತ್ತೇನೆ.

ಸ್ವಿಚ್ ಒತ್ತಿ. ಗೊಗ್ಗರು ದನಿ, ಬೀಪ್. ದನಿ ಗೊಗ್ಗರಾಗಿಯೇ ನಿಂತುಬಿಟ್ಟರೆ ತೊಂದರೆ ಬೋರ್ಡಿನಲ್ಲಿದೆ, ಅದು ಬೇರೆಯದೇ ಕೆಲಸ. ಬೀಪ್ ಬಂದರೆ ಬೋರ್ಡಿನ ಮೇಲೆಯೇ, ಸಪ್ಲೈಗೆ ತೀರಾ ದೂರದ ಐಸಿಯೊಂದರ ಕಾಲಿನಲ್ಲಿ 5 ವೋಲ್ಟ್ ಇನ್ನೊಮ್ಮೆ ಅಳೆಯಿರಿ. ಕೊನೆಗೆ ಮುಚ್ಚಳ ಹಾಕುವ ಮುಂಚೆ ಒಂದು ಚೀಟಿಯಲ್ಲಿ ಇವತ್ತಿನ ತಾರೀಕು, ಬದಲಿಸಿದ ಕೆಪಾಸಿಟರ್‌ಗಳ ಮೈಕ್ರೋಫ್ಯಾರಡ್ ಮತ್ತು ವೋಲ್ಟ್, ಲೋಡಿನಲ್ಲಿ ಬಂದ ವೋಲ್ಟೇಜ್ ಬರೆದು ಕಂಪ್ಯೂಟರಿನ ಮುಚ್ಚಳದ ಒಳಮೈಗೆ ಅಂಟಿಸಿ. ಮುಂದೆ ಇದನ್ನು ಬಿಚ್ಚುವವರು ನೀವೇ ಆಗಿರಬೇಕೆಂದೇನಿಲ್ಲ.